ಟೈರಿನ ಗಾಳಿ ನೋಡಬೇಕಾದ್ದು ಬೆಳಗ್ಗೆ, ಮನೆ ಮುಂದೆ

ನಮ್ಮ ಕಾರಿನ ಟೈರಿಗೆ ಬೇಕಾದ್ದು 33 ಪಿಎಸ್‌ಐ ಗಾಳಿ. ಪಿಎಸ್‌ಐ ಅಂದರೆ ಗಾಳಿಯ ಒತ್ತಡ ಅಳೆಯುವ ಲೆಕ್ಕ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿಬರುವಾಗೆಲ್ಲ ನಾನು ದಾರಿಯಲ್ಲಿ ಹಿರಿಯೂರಿನ ಆಸುಪಾಸು ಪೆಟ್ರೋಲ್ ಹಾಕಿಸಿ, ಅಲ್ಲೇ ಗಾಳಿಯನ್ನೂ ನೋಡಿಸುತ್ತಿದ್ದೆ. ಬೇಸಿಗೆಯ ಮಧ್ಯಾಹ್ನ, ನೂರು, ನೂರೈವತ್ತು ಕಿಲೋಮೀಟರ್ ಓಡಿ ಬಂದ ಟೈರು. ಮೀಟರ್ 37, 38 ತೋರಿಸುತ್ತಿತ್ತು. "ಜಾಸ್ತಿ ಐತೆ ಸಾರ್, ಇಳಿಸ್ತೀನಿ" ಅನ್ನುತ್ತಿದ್ದ ಹುಡುಗ. ಇಳಿಸಪ್ಪಾ ಅನ್ನುತ್ತಿದ್ದೆ. ನಾಲ್ಕೂ ಟೈರಿನಿಂದ ಗಾಳಿ ಬಿಟ್ಟು 33ಕ್ಕೆ ತಂದು ನಿಲ್ಲಿಸುತ್ತಿದ್ದ. ಕೆಲಸ ಸರಿಯಾಗಿ ಆಯಿತು ಅಂತಲೇ ನಾನು ತಿಳಿದಿದ್ದೆ.

ಒಂದು ವರ್ಷ ಹೀಗೇ ನಡೆಯಿತು. ಒಮ್ಮೆ ಪಂಕ್ಚರ್ ಹಾಕಿಸಲು ಹೋದಾಗ ಅಂಗಡಿಯ ಹಿರಿಯರು ಟೈರನ್ನು ಬಿಚ್ಚಿ ನನ್ನ ಮುಂದೆ ನಿಲ್ಲಿಸಿದರು. "ಇಲ್ಲಿ ಕೈ ಆಡಿಸಿ ನೋಡ್ರಿ" ಅಂದರು. ನಡುವಿನ ಗೆರೆಗಳಲ್ಲಿ ಬೆರಳು ಚೆನ್ನಾಗಿ ಇಳಿಯುತ್ತಿತ್ತು. ಎರಡೂ ಅಂಚಿಗೆ ಬಂದರೆ ನುಣ್ಣಗೆ ಜಾರುತ್ತಿತ್ತು. "ಗಾಳಿ ಕಮ್ಮಿ ಇಟ್ಕೊಂಡು ಓಡ್ಸೀರಿ." ಪ್ರತಿ ಸಲ ನೋಡಿಸಿದ್ದೇನಲ್ಲ ಎಂದೆ. "ಯಾವಾಗ? ಬಿಸಿ ಇದ್ದಾಗೇನು?" ಅಂದರು.

ಆ ಒಂದು ಪ್ರಶ್ನೆಯಲ್ಲಿ ಎಲ್ಲಾ ಇತ್ತು. ಓಡಿದ ಟೈರು ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಲು ನೋಡುತ್ತದೆ, ಒತ್ತಡ ಏರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಕಾವು ಏರಿದರೆ ಒಂದೂವರೆಯಿಂದ ಎರಡು ಪಿಎಸ್‌ಐ ಜಾಸ್ತಿ ಆಗುತ್ತದೆ. ಕಾರು ಮಾಡಿದವರು ಕೊಡುವ ಅಂಕಿ ತಣ್ಣಗಿರುವ ಟೈರಿನದು. ಬಿಸಿ ಟೈರನ್ನು 33ಕ್ಕೆ ಇಳಿಸಿದರೆ ಮರುದಿನ ಬೆಳಗ್ಗೆ ಅದರಲ್ಲಿ ಉಳಿಯುವುದು 28, 29 ಅಷ್ಟೆ. ಅದರ ಮೇಲೆ ಸುಮ್ನೆ ನಿಂತಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಸೋರುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಮಡಚಿಕೊಳ್ಳುತ್ತವೆ. ಹೈವೇಯಲ್ಲಿ ಅದು ಇನ್ನಷ್ಟು ಕಾಯುತ್ತದೆ. ಟೈರು ಒಡೆಯುವ ಅಪಾಯ ಇರುವುದೇ ಅಲ್ಲಿ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು ಕೂತಿರುತ್ತಿದ್ದರು. ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಈಗ ನಾನೇ ನೋಡುತ್ತೇನೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಬಿಸಿಲು ಬೀಳುವ ಮೊದಲು. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು. ರಾತ್ರಿಯೆಲ್ಲ ನಿಂತಿದ್ದರೆ ಇನ್ನೂ ಒಳ್ಳೆಯದು. ಬಿಸಿಲು ಒಂದೇ ಪಕ್ಕ ಬಿದ್ದರೂ ಆ ಕಡೆಯ ಎರಡು ಟೈರು ಜಾಸ್ತಿ ತೋರಿಸುವುದನ್ನು ನಾನೇ ಕಂಡಿದ್ದೇನೆ. ಗಾಳಿ ಹಾಕುವ ಮೂತಿಯ ಕ್ಯಾಪ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ನೆಲದಲ್ಲಿಟ್ಟರೆ ಮಣ್ಣು ಮೆತ್ತಿಕೊಂಡು ವಾಲ್ವಿನೊಳಗೆ ಹೋಗುತ್ತದೆ. ಗಾಳಿ ಅಳೆಯುವ ಗೇಜನ್ನು ನೆಟ್ಟಗೆ ಒತ್ತಬೇಕು. ಸೊಟ್ಟ ಹಿಡಿದರೆ ಸುಯ್ ಅಂತ ಗಾಳಿ ಹೋಗುತ್ತದೆ, ಅಂಕಿಯೂ ತಪ್ಪು ಬರುತ್ತದೆ. ನಾನು ಎರಡು ಸಲ ನೋಡುತ್ತೇನೆ. ಎರಡೂ ಒಂದೇ ಬಂದರೆ ಮಗಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.

ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಬಾರ್ ಲೆಕ್ಕದಲ್ಲಿ ಬರೆದಿರುತ್ತಾರೆ. 2.3 ಬಾರ್ ಅಂದರೆ ಸುಮಾರು 33 ಪಿಎಸ್‌ಐ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿದ ದೊಡ್ಡ ಅಂಕಿಯನ್ನು ನೋಡಿ ಹಾಕಿಸಬೇಡಿ. ಅದು ಆ ಟೈರು ತಡೆಯುವ ಮಿತಿ, ನಿಮ್ಮ ಕಾರಿನ ಲೆಕ್ಕ ಅಲ್ಲ. ಅಷ್ಟು ತುಂಬಿಸಿದರೆ ನಡುಭಾಗ ಮಾತ್ರ ಸವೆಯುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಅಂದರೆ ಅದಕ್ಕೆ ಬೇರೆ ಅಂಕಿ ಇರುತ್ತದೆ, ಹಿಂದಿನ ಟೈರಿಗೆ ಸಾಮಾನ್ಯವಾಗಿ ಜಾಸ್ತಿ.

ಮನೆಯಲ್ಲಿ ಪಂಪ್ ಇಲ್ಲದಿದ್ದಾಗ ನಾನು ಮಾಡುತ್ತಿದ್ದ ಲೆಕ್ಕವನ್ನು ಹೇಳಲೇಬೇಕು. ಬಂಕ್ ನಾಲ್ಕು ಕಿಲೋಮೀಟರ್ ದೂರ. ಅಲ್ಲಿಗೆ ಹೋಗುವಷ್ಟರಲ್ಲಿ ಟೈರು ಬೆಚ್ಚಗಾಗುತ್ತದೆ, ಅಲ್ವಾ? ಹಾಗಾಗಿ ಮನೆಯಲ್ಲೇ ತಣ್ಣಗೆ ಅಳೆದು ಎಷ್ಟು ಕಡಿಮೆ ಇದೆ ಅಂತ ಬರೆದುಕೊಳ್ಳುತ್ತಿದ್ದೆ. ಮನೆಯಲ್ಲಿ 29 ಇದ್ದರೆ ನಾಲ್ಕು ಕಡಿಮೆ. ಬಂಕಿನಲ್ಲಿ ಅದೇ ಟೈರು 31 ತೋರಿಸಿದರೆ 35ರವರೆಗೆ ಹಾಕಿಸುತ್ತಿದ್ದೆ. ಅಲ್ಲಿಯ ಅಂಕಿ ಏನೇ ಇರಲಿ, ನಾಲ್ಕು ಸೇರಿಸಬೇಕು ಅಷ್ಟೆ. ಮರುದಿನ ಬೆಳಗ್ಗೆ ನೋಡಿದರೆ ಸರಿಯಾಗಿ 33 ಬರುತ್ತಿತ್ತು. ಏನೇ ಆದರೂ ಬಿಸಿ ಟೈರಿನಿಂದ ಗಾಳಿ ಬಿಡಿಸಬೇಡಿ.

ಸ್ಟೆಪ್ನಿಯನ್ನೂ ಮರೆಯಬೇಡಿ. ಸಣ್ಣ ಗಾತ್ರದ ಸ್ಟೆಪ್ನಿ ಆಗಿದ್ದರೆ ಅದರ ಮೇಲೆ ಸಾಮಾನ್ಯವಾಗಿ 60 ಪಿಎಸ್‌ಐ ಅಂತ ಬರೆದಿರುತ್ತದೆ. ಉಳಿದವುಗಳ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ನೈಟ್ರೋಜನ್‌ಗೆ ನಾನು ದುಡ್ಡು ಕೊಡುವುದಿಲ್ಲ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಯಾವುದು ಹಾಕಿಸಿದರೂ ನೋಡುವ ಕೆಲಸ ತಪ್ಪುವುದಿಲ್ಲ.

ಬರೆದಿಡುವುದರ ಲಾಭ ಕಳೆದ ಮಳೆಗಾಲದಲ್ಲಿ ಗೊತ್ತಾಯಿತು. ಮೂರು ಟೈರು 32ರಲ್ಲಿದ್ದರೆ ಹಿಂದಿನ ಎಡಗಡೆಯದು 29. ಮುಂದಿನ ಸಲವೂ ಅದೇ ಟೈರು ಮೂರು ಕಡಿಮೆ. ಮೊಳೆ ಹುಡುಕಿದೆ, ಸಿಗಲಿಲ್ಲ. ಸೋಪಿನ ನೀರು ಕದಡಿ ಮೂತಿಗೆ ಹಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದು, ನಿಧಾನ ಹುರಿಗಡಲೆಯಷ್ಟಾಗಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಪಂಕ್ಚರ್ ಅಂಗಡಿಯ ಹಿರಿಯರು ಒಳಗಿನ ಪಿನ್ ಬದಲಾಯಿಸಿದರು, ಐದು ನಿಮಿಷದ ಕೆಲಸ. ಅವತ್ತಿನಿಂದ ಪುಸ್ತಕದಲ್ಲಿ ನಾಲ್ಕೂ ಅಂಕಿಗಳು ಒಟ್ಟಿಗೇ ಇಳಿಯುತ್ತಿವೆ.