ಹೊಗೆ ಟೆಸ್ಟ್ ಪಾಸಾದರೆ ಸಾಲದು: ಬಿಎಸ್-6 ಲಾರಿ, ಬಸ್ ನೋಡಿಕೊಳ್ಳುವುದು ಹೇಗೆ?

ಕಬ್ಬಿನ ಹಂಗಾಮು ಶುರುವಾಗಿ ಸ್ವಲ್ಪ ದಿನಕ್ಕೇ ಬೆಳಗಾವಿ, ಬಾಗಲಕೋಟೆ ಕಡೆಯ ಗ್ಯಾರೇಜುಗಳಲ್ಲಿ ಒಂದೇ ದೂರು. ‘ಗಾಡಿ ಎಳಿಯಂಗಿಲ್ರೀ, ಹಳದಿ ದೀಪ ಹತ್ತೇತಿ.’ ನೋಡಿದರೆ ಹೊಸ ಗಾಡಿ. ಸಾಲದ ಕಂತು ಇನ್ನೂ ನಡೆಯುತ್ತಿದೆ. ಎಂಜಿನ್‌ಗೆ ಏನೂ ಆಗಿಲ್ಲ. ಕೆಟ್ಟಿರುವುದು ಸೈಲೆನ್ಸರ್ ಜಾಗದಲ್ಲಿ ಕೂತಿರುವ, ಹೊಗೆ ಶುದ್ಧ ಮಾಡುವ ಸಾಮಾನು. ಅದು ತಾನಾಗಿ ಕೆಡುವುದು ಕಡಿಮೆ. ಬಳಸುವವರು ಕೆಡಿಸುವುದೇ ಜಾಸ್ತಿ.

ಹೊಗೆ ನಿಯಮ ಅಂದರೆ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ ಚೀಟಿ ಇಟ್ಟುಕೊಳ್ಳುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಳೇ ಲಾರಿಗೆ ಅದು ನಡೆಯುತ್ತಿತ್ತು. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ. ಬಿಎಸ್-6 ಗಾಡಿಯಲ್ಲಿ ಸೆನ್ಸರ್‌ಗಳೇ ಕಾವಲು ಕೂತಿವೆ. ತಪ್ಪು ಮಾಡಿದರೆ ಆರ್‌ಟಿಒ ಸಾಹೇಬರು ಕೈ ಅಡ್ಡ ಹಾಕುವ ಮೊದಲೇ ಗಾಡಿ ತಾನೇ ತಾಕತ್ತು ಇಳಿಸಿಬಿಡುತ್ತದೆ.

1. ನಿಮ್ಮ ಗಾಡಿ ಯಾವ ಬಿಎಸ್?

ಆರ್‌ಸಿ ನೋಡಿ. ದೇಶದಾದ್ಯಂತ ಬಿಎಸ್-4 ಬಂದಿದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 ಬಂದಿದ್ದು 2020ರ ಏಪ್ರಿಲ್ 1ಕ್ಕೆ. ನಡುವಿನ ಬಿಎಸ್-5 ಅನ್ನು ಸರ್ಕಾರ ಬಿಟ್ಟೇ ಮುಂದೆ ಹೋಯಿತು. 2023ರ ಏಪ್ರಿಲ್‌ನಿಂದ ಬಿಎಸ್-6ರ ಎರಡನೇ ಹಂತ ಜಾರಿಯಲ್ಲಿದೆ. ಅದರಲ್ಲಿ ಗಾಡಿಯೊಳಗಿನ ತಪಾಸಣೆ ಇನ್ನೂ ಬಿಗಿ. ಕೆಳಗಿನ ಮಾತು ಮುಖ್ಯವಾಗಿ ಬಿಎಸ್-6 ಗಾಡಿಗೆ. ಬಿಎಸ್-4ರಲ್ಲೂ ಕೆಲವು ಕಂಪನಿಗಳು ಯೂರಿಯಾ ಟ್ಯಾಂಕ್ ಕೊಟ್ಟಿದ್ದವು. ಅಂಥ ಗಾಡಿ ಇದ್ದವರು ಮೂರನೇ ಹೆಜ್ಜೆಯನ್ನು ಬಿಡದೆ ಓದಿ.

2. ಡೀಸೆಲ್ ಮತ್ತು ಎಂಜಿನ್ ಆಯಿಲ್

ಬಂಕಿನ ಡೀಸೆಲ್ ಬಿಟ್ಟು ಬೇರೇನೂ ಹಾಕಬೇಡಿ. ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಹತ್ತು ಪಾಲು) ಮೀರುವಂತಿಲ್ಲ. ಬಿಎಸ್-4 ಕಾಲದಲ್ಲಿ ಅದು 50 ಇತ್ತು. ಡ್ರಮ್‌ನಲ್ಲಿ ಬರುವ ಅಗ್ಗದ ‘ಬಯೋಡೀಸೆಲ್’ನಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಆಯಿಲ್ ವಿಷಯದಲ್ಲಿ ಕಂಪನಿ ಪುಸ್ತಕದಲ್ಲಿ ಬರೆದ ದರ್ಜೆಯನ್ನೇ ಕೊಳ್ಳಿ. ಬಹುತೇಕ ಬಿಎಸ್-6 ಹೆವಿ ಎಂಜಿನ್‌ಗೆ ಸಿಕೆ-4 ದರ್ಜೆ ಬೇಕು, ಅಂದರೆ ಬೂದಿ ಕಡಿಮೆ ಬಿಡುವ ಆಯಿಲ್. ಹಳೇ ಗಾಡಿಗೆ ತಂದ ಡಬ್ಬಿ ಉಳಿದಿದೆ ಅಂತ ಇದಕ್ಕೆ ಸುರಿಯಬೇಡಿ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲು ಆಗುವುದಿಲ್ಲ. ಅದು ಫಿಲ್ಟರ್‌ನಲ್ಲೇ ಕೂರುತ್ತದೆ.

3. ಯೂರಿಯಾ ಟ್ಯಾಂಕ್

ನೀಲಿ ಮುಚ್ಚಳದ ಟ್ಯಾಂಕ್‌ಗೆ ಹಾಕುವ ದ್ರವಕ್ಕೆ ಡೆಫ್ ಅಂತ ಹೆಸರು, ನಮ್ಮ ಡ್ರೈವರ್‌ಗಳ ಬಾಯಲ್ಲಿ ಬರೀ ‘ಯೂರಿಯಾ’. ಅನಾಹುತ ಶುರುವಾಗುವುದು ಇಲ್ಲೇ. ಯೂರಿಯಾ ತಾನೇ, ಮನೆಯಲ್ಲಿ ಗೊಬ್ಬರದ ಚೀಲ ಇದೆ, ಬೋರ್‌ವೆಲ್ ನೀರು ಇದೆ, ಕಲಸಿದರೆ ಆಯಿತು ಅನ್ನುವವರಿದ್ದಾರೆ. ಕಲಸಿ ಮಾರುವವರೂ ಇದ್ದಾರೆ.

ಡೆಫ್‌ನಲ್ಲಿ ಇರುವುದು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಬಿಸಿ ಹೊಗೆಯಲ್ಲಿ ಇದು ಅಮೋನಿಯಾ ಆಗಿ, ಎಸ್‌ಸಿಆರ್ ಡಬ್ಬಿಯಲ್ಲಿ ನೈಟ್ರೋಜನ್ ಆಕ್ಸೈಡ್ ವಿಷವನ್ನು ಸಾದಾ ನೈಟ್ರೋಜನ್ ಮತ್ತು ನೀರಿನ ಆವಿಯನ್ನಾಗಿ ಮಾಡುತ್ತದೆ. ಗೊಬ್ಬರದ ಯೂರಿಯಾಗೆ 2015ರಿಂದ ಬೇವಿನ ಎಣ್ಣೆ ಲೇಪನ ಕಡ್ಡಾಯ. ಆ ಎಣ್ಣೆ, ಅದರೊಳಗಿನ ಕಲ್ಮಶ, ಮೇಲೆ ನಮ್ಮ ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಎಲ್ಲ ಸೇರಿ ಇಂಜೆಕ್ಟರ್ ತೂತು ಮುಚ್ಚುತ್ತವೆ, ಎಸ್‌ಸಿಆರ್ ಡಬ್ಬಿಯನ್ನು ಹಾಳು ಮಾಡುತ್ತವೆ. ವಿಜಯಪುರದಲ್ಲಿ ನೀರು ಕಾಯಿಸುವ ಪಾತ್ರೆಯ ತಳ ಒಮ್ಮೆ ನೋಡಿ, ಅದೇ ಬಿಳಿ ಪದರ ಆ ಸಣ್ಣ ತೂತಿನಲ್ಲೂ ಕೂರುತ್ತದೆ. ಅಂದಹಾಗೆ ಸಬ್ಸಿಡಿ ಯೂರಿಯಾವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧ.

ಕೊಳ್ಳುವಾಗ ಕ್ಯಾನ್ ಮೇಲೆ ಐಎಸ್‌ಒ 22241 ಅಂತ ಇರಬೇಕು, ಸೀಲ್ ಒಡೆದಿರಬಾರದು, ತಯಾರಿಸಿದ ದಿನಾಂಕ ಓದುವಂತಿರಬೇಕು. ಈ ದಿನಾಂಕವನ್ನು ಯಾರೂ ನೋಡುವುದಿಲ್ಲ. ಆದರೆ 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳುವ ಡೆಫ್ 35 ಡಿಗ್ರಿಯಲ್ಲಿ ಆರು ತಿಂಗಳಿಗೇ ಸೋಲುತ್ತದೆ. ನಮ್ಮ ಬೇಸಿಗೆ 40 ದಾಟುತ್ತದೆ ಅಲ್ವಾ? ಕ್ಯಾಬಿನ್ ಮೇಲೆ ಬಿಸಿಲಿಗೆ ಕಟ್ಟಿದ ಕ್ಯಾನ್, ಅಂಗಡಿ ಮುಂದೆ ಬಿಸಿಲಲ್ಲಿ ಜೋಡಿಸಿದ ಕ್ಯಾನ್ ಎರಡೂ ಬೇಡ. ನನ್ನನ್ನು ಕೇಳಿದರೆ ಗಿರಾಕಿ ಓಡಾಟ ಜಾಸ್ತಿ ಇರುವ ದೊಡ್ಡ ಬಂಕ್‌ನಲ್ಲೇ ಹಾಕಿಸಿ. ಅಲ್ಲಿ ಮಾಲು ನಿಲ್ಲುವುದಿಲ್ಲ.

ನಾಲ್ಕಾರು ಗಾಡಿ ಇರುವವರು ಒಂದು ಡೆಫ್ ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಳ್ಳಿ. ದ್ರಾಕ್ಷಿ ಬೆಳೆಗಾರರು ಸಿಹಿ ನೋಡಲು ಬಳಸುವ ಮೀಟರ್‌ನ ಜಾತಿಯದೇ, ಅಳತೆಪಟ್ಟಿ ಮಾತ್ರ ಬೇರೆ. ಒಂದು ಹನಿ ಹಾಕಿದರೆ ನೀರು ಬೆರೆಸಿದ್ದು ಗೊತ್ತಾಗುತ್ತದೆ. ಗೊಬ್ಬರದ ಕಲ್ಮಶ ಮಾತ್ರ ಇದರಲ್ಲಿ ಕಾಣುವುದಿಲ್ಲ.

ಇನ್ನೆರಡು ಮಾತು. ಡೆಫ್ ಟ್ಯಾಂಕ್‌ಗೆ ತಪ್ಪಿ ಡೀಸೆಲ್ ಬಿದ್ದರೆ ಕೀ ತಿರುಗಿಸಲೇಬೇಡಿ. ಪಂಪ್ ಓಡದಿದ್ದರೆ ಟ್ಯಾಂಕ್ ತೊಳೆಯುವುದರಲ್ಲಿ ಮುಗಿಯುತ್ತದೆ, ಓಡಿದರೆ ಇಡೀ ಲೈನ್ ಹೋಯಿತು. ಹಾಗೆಯೇ ಎಂಜಿನ್ ಆಫ್ ಮಾಡಿದ ತಕ್ಷಣ ಬ್ಯಾಟರಿ ಮೇನ್ ಸ್ವಿಚ್ ತೆಗೆಯಬೇಡಿ. ಪಂಪ್ ಪೈಪಿನಲ್ಲಿ ಉಳಿದ ಡೆಫ್ ಅನ್ನು ಟ್ಯಾಂಕ್‌ಗೆ ಹಿಂದಕ್ಕೆ ಎಳೆದುಕೊಳ್ಳಲು ಕೆಲವು ನಿಮಿಷ ಬೇಕು. ತೆಗೆದರೆ ಅದು ಅಲ್ಲೇ ಹರಳುಗಟ್ಟುತ್ತದೆ.

4. ಡಿಪಿಎಫ್ ಎಂಬ ಮಸಿ ಫಿಲ್ಟರ್

ಜನ ನಿಜವಾಗಿ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಡಿಪಿಎಫ್ ಅಂದರೆ ಸಣ್ಣ ಸಣ್ಣ ಕಿಂಡಿಗಳ ಪಿಂಗಾಣಿ ಗಟ್ಟಿ. ಹೊಗೆ ಅದರ ಗೋಡೆಯ ಮೂಲಕ ಹಾಯುತ್ತದೆ, ಮಸಿ ಒಳಗೆ ಉಳಿಯುತ್ತದೆ. ತುಂಬಿದ ಮಸಿಯನ್ನು ಸುಡಬೇಕು. ಅದಕ್ಕೆ ರೀಜನರೇಶನ್ ಅನ್ನುತ್ತಾರೆ, ಗ್ಯಾರೇಜಿನಲ್ಲಿ ‘ರೀಜನ್’. ಲೋಡ್ ಹಾಕಿಕೊಂಡು ಹೆದ್ದಾರಿಯಲ್ಲಿ ಓಡುವ ಗಾಡಿಯ ಹೊಗೆ ಸಾಕಷ್ಟು ಬಿಸಿ ಇರುತ್ತದೆ, ಮಸಿ ತಾನಾಗಿ ಸುಡುತ್ತಾ ಹೋಗುತ್ತದೆ. ಸಾಲದಿದ್ದರೆ ಗಾಡಿಯ ಕಂಪ್ಯೂಟರ್ ಜಾಸ್ತಿ ಡೀಸೆಲ್ ಬಿಟ್ಟು ಫಿಲ್ಟರ್ ಅನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸುತ್ತದೆ.

ಈಗ ಸಕ್ಕರೆ ಕಾರ್ಖಾನೆ ಯಾರ್ಡ್ ನೆನಪಿಸಿಕೊಳ್ಳಿ. ಪಾಳಿ ಬರುವವರೆಗೆ ಗಂಟೆಗಟ್ಟಲೆ ಎಂಜಿನ್ ಸುಮ್ನೆ ಓಡುತ್ತಿರುತ್ತದೆ. ಹತ್ತು ಮೀಟರ್ ಮುಂದೆ, ಮತ್ತೆ ನಿಲ್ಲು. ಹೊಗೆ ತಣ್ಣಗೆ, ಮಸಿ ಜಾಸ್ತಿ. ಐದಾರು ಕಿಲೋಮೀಟರ್ ಮಾತ್ರ ಓಡುವ ಶಾಲಾ ಬಸ್ಸಿಗೂ ಇದೇ ಗತಿ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಬಸ್ಸಿಗೆ ಈ ಕಾಟ ಕಡಿಮೆ. ಆದ್ದರಿಂದ ಮೊದಲ ಮದ್ದು ಪಾಳಿಯಲ್ಲಿ ಎಂಜಿನ್ ಆಫ್ ಮಾಡುವುದು. ‘ಸ್ಟಾರ್ಟ್ ಆಗಲಿಲ್ಲ ಅಂದ್ರ?’ ಅಂತ ಡ್ರೈವರ್ ಕೇಳಿದರೆ ಹೊಸ ಬ್ಯಾಟರಿ ಕೊಡಿಸಿ. ಡಿಪಿಎಫ್‌ಗಿಂತ ಬ್ಯಾಟರಿ ಅಗ್ಗ.

ದೀಪ ಹತ್ತಿದರೆ ಏನು? ಚುಕ್ಕಿಗಳಿರುವ ಡಬ್ಬಿಯ ಚಿತ್ರ ಹಳದಿಯಾಗಿ ಸುಮ್ಮನೆ ಉರಿಯುತ್ತಿದ್ದರೆ ಅದು ವಿನಂತಿ. ಲೋಡ್ ಇಳಿಸಿದ ಮೇಲೆ ಜಮಖಂಡಿ, ಮುಧೋಳದ ಪೇಟೆಯೊಳಗೆ ಸುತ್ತಬೇಡಿ. ವಿಜಯಪುರ–ಸೊಲ್ಲಾಪುರ ಅಥವಾ ನಿಪ್ಪಾಣಿ ಕಡೆಯ ಹೆದ್ದಾರಿಯಂಥ ತೆರವಿನ ರಸ್ತೆ ಹಿಡಿದು ಅರ್ಧ ಗಂಟೆ ಒಂದೇ ಸಮ ಓಡಿಸಿ. ಖಾಲಿ ಗಾಡಿಯಾದರೆ ಒಂದು ಗೇರ್ ಕೆಳಗೇ ಇರಲಿ, ಎಂಜಿನ್ ಸ್ವಲ್ಪ ದುಡಿಯಲಿ. ನಡುವೆ ಚಹಾಕ್ಕೆ ನಿಲ್ಲಿಸಿದರೆ ಸುಡುವುದೂ ನಿಲ್ಲುತ್ತದೆ. ಹೀಗೆ ಪದೇ ಪದೇ ಅರ್ಧಕ್ಕೆ ಬಿಟ್ಟರೆ ಕೆಲವು ಎಂಜಿನ್‌ಗಳಲ್ಲಿ ಸುಡದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿಪಡಬೇಡಿ, ಆಯಿಲ್ ಬದಲಿಸಿ.

ದೀಪ ಮಿಣುಕಲು ಶುರುವಾದರೆ ನಿಲ್ಲಿಸಿ ರೀಜನ್ ಮಾಡಬೇಕು. ಸ್ಥಳ ಆರಿಸುವುದೇ ಅರ್ಧ ಕೆಲಸ. ಸೈಲೆನ್ಸರ್ ಬಾಯಿಂದ ಬರುವ ಗಾಳಿ ನೂರಾರು ಡಿಗ್ರಿ ಬಿಸಿ. ಕೆಳಗೆ ಕಬ್ಬಿನ ರವದಿ, ಜೋಳದ ಕಣಕಿ, ಒಣಹುಲ್ಲು ಇದ್ದರೆ ಬೆಂಕಿ ಖಚಿತ ಅಂತಲೇ ತಿಳಿಯಿರಿ. ಕಾರ್ಖಾನೆ ಯಾರ್ಡ್‌ನಲ್ಲಿ, ಬಂಕ್‌ನಲ್ಲಿ, ಮುಚ್ಚಿದ ಶೆಡ್‌ನಲ್ಲಿ ಮಾಡಲೇಬಾರದು. ಬರೀ ಗರಸು ಅಥವಾ ಕಾಂಕ್ರೀಟ್ ನೆಲ ಇರುವ ಬಯಲು ಹುಡುಕಿ. ಸೈಲೆನ್ಸರ್ ಪಕ್ಕ ತಾಡಪತ್ರಿ ತೂಗುತ್ತಿದ್ದರೆ ಮೇಲೆ ಕಟ್ಟಿ. ಆಮೇಲೆ ಬಗ್ಗಿ ಗಾಡಿಯ ಕೆಳಗೆ ನೋಡಿ. ನೆರಳಿಗೆ ಅಂತ ಕ್ಲೀನರ್ ಅಲ್ಲೇ ಮಲಗಿರಬಹುದು.

ಎಂಜಿನ್ ಕಾದಿರಲಿ, ಡೀಸೆಲ್ ತಳ ಹಿಡಿದಿರಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್‌ನಿಂದ ಕಾಲು ತೆಗೆಯಿರಿ, ಟಿಪ್ಪರ್ ಆದರೆ ತೊಟ್ಟಿ ಎತ್ತಲು ಎಂಜಿನ್ ಶಕ್ತಿ ಕೊಡುವ ಪಿಟಿಒ ಆಫ್. ರೀಜನ್ ಸ್ವಿಚ್ ಅನ್ನು ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಒತ್ತಿ ಹಿಡಿಯಿರಿ. ಎಂಜಿನ್ ವೇಗ ತಾನೇ ಏರುತ್ತದೆ. ಹೆದರಿ ಆಕ್ಸಿಲರೇಟರ್, ಕ್ಲಚ್ ಮುಟ್ಟಿದರೆ ಅಲ್ಲಿಗೇ ನಿಂತು ಮತ್ತೆ ಮೊದಲಿಂದ. ಸಾಮಾನ್ಯವಾಗಿ 20ರಿಂದ 45 ನಿಮಿಷ ಹಿಡಿಯುತ್ತದೆ. ಅಷ್ಟೂ ಹೊತ್ತು ಗಾಡಿ ಬಿಟ್ಟು ದೂರ ಹೋಗಬೇಡಿ. ಮುಗಿದ ಮೇಲೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ.

ಮಿಣುಕುವ ದೀಪದ ಜೊತೆ ಎಂಜಿನ್ ದೀಪವೂ ಹತ್ತಿ ತಾಕತ್ತು ಇಳಿದಿದ್ದರೆ ಸ್ವಿಚ್ ಒತ್ತುತ್ತಾ ಕೂರಬೇಡಿ. ಸರ್ವಿಸ್ ಸೆಂಟರ್‌ನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಮಾಡುವ ಕೆಲಸ ಅದು. ಕೆಂಪು ದೀಪ ಬಂದರೆ ಗಾಡಿ ಅಲ್ಲೇ ನಿಲ್ಲಲಿ.

ಎರಡು ಮೂರು ದಿನಕ್ಕೊಮ್ಮೆ ರೀಜನ್ ಕೇಳುತ್ತಿದ್ದರೆ ತಪ್ಪು ಫಿಲ್ಟರ್‌ನದಲ್ಲ. ಇಂಜೆಕ್ಟರ್ ಸೋರುತ್ತಿರಬಹುದು, ಟರ್ಬೊ ಆಯಿಲ್ ಬಿಡುತ್ತಿರಬಹುದು, ಗಾಳಿ ಹೋಸ್ ಒಡೆದಿರಬಹುದು. ಅದನ್ನು ಬಿಟ್ಟು ಫಿಲ್ಟರ್ ಬಿಚ್ಚಿ ಪ್ರೆಶರ್ ನೀರು, ಆಸಿಡ್ ಹೊಡೆಯುವವರಿದ್ದಾರೆ. ಪಿಂಗಾಣಿ ಬಿರುಕು ಬಿಡುತ್ತದೆ, ಲೇಪನ ತೊಳೆದು ಹೋಗುತ್ತದೆ. ಟ್ಯಾಂಕ್‌ಗೆ ಸುರಿದರೆ ಫಿಲ್ಟರ್ ಫಳಫಳ ಅನ್ನುವ ಬಾಟಲಿಗಳಿಗೂ ದುಡ್ಡು ಹಾಳು ಮಾಡಬೇಡಿ. ಲಕ್ಷಾಂತರ ಕಿಲೋಮೀಟರ್ ಆದಮೇಲೆ ಬೂದಿ ತೆಗೆಸಲೇಬೇಕು. ಅದಕ್ಕೆ ಅದರದೇ ಮಷೀನ್ ಇದೆ.

ಇನ್ನು ‘ಬೈಪಾಸ್’. ಡಿಪಿಎಫ್ ಒಳಗಿನದನ್ನು ಒಡೆದು ತೆಗೆದು, ಸೆನ್ಸರ್‌ಗೆ ಸುಳ್ಳು ಹೇಳುವ ಪೆಟ್ಟಿಗೆ ಕೂರಿಸಿ, ‘ಇನ್ ಮ್ಯಾಲೆ ಡೆಫ್ ಖರ್ಚೇ ಇಲ್ರಿ ಸಾವಕಾರ್ರ’ ಅನ್ನುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಹೀಗೆ ಗಾಡಿ ಮಾರ್ಪಡಿಸುವಂತಿಲ್ಲ. 182ಎ ಕಲಂನಲ್ಲಿ ಮಾಲೀಕರಿಗೇ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಪೆಟ್ಟಿಗೆ ಕೂರಿಸಿದವನು ಆಗ ಫೋನ್ ಎತ್ತುವುದಿಲ್ಲ.

5. ಪಿಯುಸಿ

ಇದೇ ಹೊಗೆ ಟೆಸ್ಟ್ ಚೀಟಿ. ಇದರ ಅವಧಿ ಬಿಎಸ್-4 ಮತ್ತು ಬಿಎಸ್-6ಕ್ಕೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು. ಗಾಡಿ ಚೆನ್ನಾಗಿ ಓಡಿಸಿಕೊಂಡು, ಬಿಸಿ ಇರುವಾಗಲೇ ಹೋಗಿ. ಏರ್ ಫಿಲ್ಟರ್ ಮೊದಲೇ ಬದಲಿಸಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆಯ ಸಾಂದ್ರತೆ ಅಳೆಯುತ್ತಾರೆ. ಬಿಎಸ್-4ಕ್ಕೆ 50 ಎಚ್‌ಎಸ್‌ಯು (ಹೊಗೆ ಸಾಂದ್ರತೆಯ ಅಳತೆ), ಅದಕ್ಕಿಂತ ಹಳೆಯ ಗಾಡಿಗೆ 65 ಮಿತಿ, ಬಿಎಸ್-6ಕ್ಕೆ ಇನ್ನೂ ಕಡಿಮೆ. ‘ಗಾಡಿ ತರೂದ್ ಬ್ಯಾಡ, ನಂಬರ್ ಹೇಳ್ರಿ’ ಅನ್ನುವ ಕಡೆ ಹೋಗಬೇಡಿ. ಪಿಯುಸಿ ಇಲ್ಲದೆ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

6. ಫಿಟ್‌ನೆಸ್ ಮತ್ತು ದಿಲ್ಲಿ ಬಾಡಿಗೆ

ಗಾಡಿಗೆ ಎಂಟು ವರ್ಷ ಆಗುವವರೆಗೆ ಫಿಟ್‌ನೆಸ್ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು, ಆಮೇಲೆ ಪ್ರತಿ ವರ್ಷ. ದ್ರಾಕ್ಷಿ, ಈರುಳ್ಳಿ ಹೇರಿಕೊಂಡು ದಿಲ್ಲಿಗೆ ಹೋಗುವವರು ಇನ್ನೊಂದು ವಿಷಯ ಗಮನಿಸಿ. ಹೊರ ರಾಜ್ಯದ ಬಿಎಸ್-3 ಮತ್ತು ಹಳೆಯ ಸರಕು ಗಾಡಿಗಳಿಗೆ 2025ರ ನವೆಂಬರ್ 1ರಿಂದ ಅಲ್ಲಿ ಪ್ರವೇಶವಿಲ್ಲ. ಬಿಎಸ್-4ಕ್ಕೆ ಕೊಟ್ಟ ಗಡುವು 2026ರ ಅಕ್ಟೋಬರ್ 31. ಬಾಡಿಗೆ ಒಪ್ಪುವ ಮೊದಲು ಆಗಿನ ಆದೇಶ ವಿಚಾರಿಸಿ.

7. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಎಂಜಿನ್ ತಣ್ಣಗಿರುವಾಗ ಬಿಳಿ ಬಟ್ಟೆಯಿಂದ ಸೈಲೆನ್ಸರ್ ಬಾಯಿಯ ಒಳಗೆ ಒರೆಸಿ. ಡಿಪಿಎಫ್ ಸರಿಯಿರುವ ಬಿಎಸ್-6 ಗಾಡಿಯಲ್ಲಿ ಬಟ್ಟೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕರಿ ಮಸಿ ಹತ್ತಿದರೆ ಫಿಲ್ಟರ್ ಒಡೆದಿದೆ ಅಥವಾ ತೆಗೆದಿದ್ದಾರೆ. ಡೆಫ್ ಬೈಪಾಸ್ ಮಾತ್ರ ಬಟ್ಟೆಯಲ್ಲೂ ಕಾಣುವುದಿಲ್ಲ, ಹೊಗೆ ಟೆಸ್ಟ್‌ನಲ್ಲೂ ಕಾಣುವುದಿಲ್ಲ. ಅದಕ್ಕೆ ಡೆಫ್ ಬಿಲ್‌ಗಳನ್ನು ಕೇಳಿ. ನೂರು ಲೀಟರ್ ಡೀಸೆಲ್‌ಗೆ ಮೂರರಿಂದ ಆರು ಲೀಟರ್ ಡೆಫ್ ಹೋಗಿರಬೇಕು. ಆಮೇಲೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ. ಅದಕ್ಕೆ ಮಾಲೀಕರು ಒಪ್ಪದಿದ್ದರೆ ಅಡ್ವಾನ್ಸ್ ಕೊಡದೆ ಬೇರೆ ಗಾಡಿ ನೋಡಿ.