ಕಂಬಳ ಬಿಟ್ಟು ಚೆನ್ನೆಮಣೆ ಹಿಡಿದದ್ದು: ಫೈನಲ್ ಇಯರ್ ಗೇಮ್ ಪ್ರಾಜೆಕ್ಟ್, ನನ್ನ ಅನುಭವ

ಫೈನಲ್ ಇಯರ್‌ಗೆ ಗೇಮ್ ಮಾಡ್ತೇವೆ, ಎಂತ ಟಾಪಿಕ್ ತಗೊಳ್ಳೋದು ಅಂತ ಜೂನಿಯರ್‌ಗಳು ಕೇಳ್ತಾ ಇರ್ತಾರೆ. ಫೋನಲ್ಲಿ ಅರ್ಧರ್ಧ ಹೇಳೋದಕ್ಕಿಂತ ನಾವು ಆರಿಸಿದ್ದು ಹೇಗೆ ಅಂತ ಒಮ್ಮೆ ಪೂರ್ತಿ ಬರೀತೇನೆ.

ನಾವು ನಾಲ್ಕು ಜನ, ಕಾಲೇಜು ಮಂಗಳೂರಲ್ಲಿ, ನಾನು ಕಾಪುವಿಂದ ದಿನಾ ಬಸ್ಸಲ್ಲಿ ಹೋಗಿ ಬರುವವ. 2023ರ ಜೂನ್ ಕೊನೆಗೆ ಶುರು ಮಾಡಿದ್ದು, ಮೊದಲು ಆರಿಸಿದ್ದು ಕಂಬಳ. ತ್ರೀಡಿ, ಜೋಡುಕರೆ (ಕೋಣ ಓಡುವ ಕೆಸರಿನ ಎರಡು ಹಾದಿ ಪಕ್ಕಪಕ್ಕ), ಎರಡು ಜೋಡಿ ಕೋಣ, ಆನ್‌ಲೈನಲ್ಲಿ ಆಚೆ ಒಬ್ಬ ಈಚೆ ಒಬ್ಬ ಓಡಿಸೋದು, ಹಗ್ಗ ನೇಗಿಲು ಅಡ್ಡಹಲಗೆ ಕೆನೆಹಲಗೆ ಎಲ್ಲಾ ವಿಭಾಗವೂ ಬೇಕು ಅಂತ. ಕೆನೆಹಲಗೆ ಅಂದ್ರೆ ನೀರು ಎಷ್ಟು ಎತ್ತರ ಚಿಮ್ಮಿತು ಅನ್ನೋದೇ ಲೆಕ್ಕ ಅಲ್ವಾ, ಅಂದ್ರೆ ನೀರಿನ ಫಿಸಿಕ್ಸ್ ಸರಿ ಬರದಿದ್ರೆ ಆ ಆಟವೇ ಇಲ್ಲ. ಇದು ನಮ್ಗೆ ಹೊಳೆದದ್ದು ನಾಲ್ಕನೇ ವಾರದಲ್ಲಿ. ಅಷ್ಟರಲ್ಲಿ ಕೋಣದ ಓಟದ ಅನಿಮೇಷನ್ನೇ ಕೂತಿರ್ಲಿಲ್ಲ, ಕಾಲು ಒಂದು ಕಡೆ ಮೈ ಒಂದು ಕಡೆ ಜಾರ್ತಾ ಇತ್ತು, ಒಂದೇ ರೂಮಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟು ಆಡಿದ್ರೆ ಒಂದರಲ್ಲಿ ಕೋಣ ಮಂಜೊಟ್ಟಿಗೆ, ಅಂದ್ರೆ ಓಟ ಮುಗಿಯುವ ಜಾಗಕ್ಕೆ, ಮುಟ್ಟಿರ್ತದೆ, ಇನ್ನೊಂದರಲ್ಲಿ ಇನ್ನೂ ಅರ್ಧ ಕರೆಯಲ್ಲಿ. ಕಂಬಳ ಅಂದ್ರೆ ನಮ್ಗೆಲ್ಲ ಜೀವ, ಅದನ್ನು ಹಾಗೆ ಅರೆಬರೆ ಮಾಡ್ಲಿಕ್ಕೆ ಮನಸ್ಸೇ ಬರ್ಲಿಲ್ಲ.

ಆಗಸ್ಟ್ ಮೊದಲ ವಾರ, ಮಳೆ ಜೋರಾಗಿ ಕಾಲೇಜಿಗೆ ರಜೆ. ತುಳುವಿನ ಆಟಿ ತಿಂಗಳು, ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸಿದ್ರು, ಗುಳಿಗಳಲ್ಲಿ ಬೀಜ ಹಾಕಿ ಇಬ್ಬರು ಆಡುವ ಮರದ ಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56 ಕೆಂಪು ಬೀಜ. ನಮ್ಮ ಮನೆಯ ನಿಯಮ ಹೀಗೆ: ಒಂದು ಗುಳಿಯದ್ದು ತೆಗೆದು ಒಂದೊಂದೇ ಹಾಕ್ತಾ ಹೋಗೋದು, ಕೈ ಖಾಲಿಯಾದ್ರೆ ಮುಂದಿನ ಗುಳಿಯದ್ದು ಎತ್ತಿ ಮತ್ತೆ ಹಾಕೋದು, ಮುಂದಿನ ಗುಳಿ ಖಾಲಿ ಇದ್ರೆ ಅದರಾಚೆಯದ್ದು ನಮ್ಗೆ, ಅಲ್ಲಿಗೆ ಎದುರಿನವರ ಸರದಿ. ತಂಗಿ ಜೊತೆ ಎರಡು ಆಟ ಆಡಿ ರಾತ್ರಿ ನೋಟ್‌ಬುಕ್ಕಲ್ಲಿ ನಿಯಮ ಬರೆದೆ, ಹನ್ನೊಂದು ಸಾಲಲ್ಲಿ ಮುಗೀತು. ಕಂಬಳದ್ದು ಬರೀಲಿಕ್ಕೆ ಕೂತಾಗ ಆರು ಪುಟ ಆಗಿಯೂ ಆಟಗಾರ ಯಾವ ಬಟನ್ ಒತ್ತಿದ್ರೆ ಎಂತ ಆಗ್ತದೆ ಅಂತ ಸ್ಪಷ್ಟ ಇರ್ಲಿಲ್ಲ. ನನ್ನ ಮಟ್ಟಿಗೆ ಅಲ್ಲೇ ತೀರ್ಮಾನ ಆಯ್ತು.

ಮರುದಿನ ಬೀಜ ಕಟ್ಟಿಕೊಂಡು ಹೋಗಿ ಕ್ಯಾಂಟೀನಲ್ಲಿ ಪೇಪರಲ್ಲಿ ಹದಿನಾಲ್ಕು ವೃತ್ತ ಎಳೆದು ಆಡಿಸಿದೆ. ನಮ್ಮ ಟೀಮಲ್ಲಿ ಒಬ್ಬ ಗೇಮ್ ಅಂದ್ರೆ ದೂರ, ಅವ ಮೂರನೇ ಆಟಕ್ಕೂ ಏಳ್ಲಿಲ್ಲ. ಪುತ್ತೂರಿನವ ಒಬ್ಬ ಇದ್ದಾನೆ, ನಮ್ಮಲ್ಲಿ ಹೀಗಲ್ಲ ಅಂತ ಅವನ ಮನೆಯ ನಿಯಮ ಹೇಳಿದ, ಅರ್ಧ ಗಂಟೆ ಅದೇ ಚರ್ಚೆ. ಆ ಚರ್ಚೆಯಿಂದಲೇ ಒಂದು ಒಳ್ಳೆ ಐಡಿಯಾ ಬಂತು, ನಿಯಮವನ್ನು ಕೋಡಿನ ಒಳಗೆ ಹೂತು ಹಾಕದೆ ಬೇರೆ ಫೈಲಲ್ಲಿ ಇಟ್ಟೆವು, ಯಾರ ಮನೆಯ ನಿಯಮ ಬೇಕಾದ್ರೂ ಹಾಕಿ ಆಡ್ಬಹುದು. ನೀವು ಆರಿಸುವ ಗೇಮನ್ನು ಕೋಡ್ ಒಂದು ಸಾಲೂ ಬರೆಯುವ ಮೊದಲು ಪೇಪರಲ್ಲಿ ಆಡಿಸ್ಲಿಕ್ಕೆ ಆಗ್ತದಾ ಅಂತ ನೋಡಿ. ಆಗದಿದ್ರೆ ಕೊನೇಪಕ್ಷ ಒಂದು ವಾರದಲ್ಲಿ ಚಿತ್ರದ ಬದಲು ಬರೀ ಚೌಕ ಡಬ್ಬ ಇಟ್ಟಾದ್ರೂ ಆಡುವ ಹಾಗೆ ಮಾಡಿ.

ಗೈಡ್ ಕೇಳಿದ್ರು, ಇದರಲ್ಲಿ ಪ್ರಾಜೆಕ್ಟ್ ಅನ್ನುವಂಥದ್ದು ಎಂತ ಉಂಟು ಅಂತ. ಸರಿಯಾದ ಪ್ರಶ್ನೆ. ನಾವು ಹೇಳಿದ್ದು ಕಂಪ್ಯೂಟರ್ ಎದುರಾಳಿ, ಮಿನಿಮ್ಯಾಕ್ಸ್ (ಎದುರಿನವರೂ ಚೆನ್ನಾಗಿಯೇ ಆಡ್ತಾರೆ ಅಂತ ಇಟ್ಟು ಮುಂದಿನ ಸರದಿಗಳನ್ನು ಲೆಕ್ಕ ಹಾಕೋದು) ಮತ್ತು ಆಲ್ಫಾ ಬೀಟಾ ಪ್ರೂನಿಂಗ್ (ಅದರಲ್ಲಿ ನೋಡಿ ಉಪಯೋಗ ಇಲ್ಲದ ದಾರಿ ಬಿಡೋದು). ಒಂದು ಸರದಿಗೆ ಜಾಸ್ತಿ ಅಂದ್ರೆ ಏಳು ಆಯ್ಕೆ, ಆರು ಸರದಿ ಮುಂದೆ ನೋಡಿದ್ರೂ ಕೊನೆಯ ಹಂತದಲ್ಲಿ 1,17,649 ಸ್ಥಿತಿ ಮೀರುವುದಿಲ್ಲ, ಫೋನಲ್ಲೇ ಓಡ್ತದೆ. ಎರಡು ಕಂಪ್ಯೂಟರ್ ಆಟಗಾರರನ್ನು ಪರಸ್ಪರ ಆಡಿಸಿ ಯಾವುದು ಎಷ್ಟು ಸಲ ಗೆದ್ದಿತು ಅಂತ ಟೇಬಲ್ ಹಾಕ್ಬಹುದು, ರಿಪೋರ್ಟಿಗೆ ಅಳೆಯುವಂಥದ್ದು ಸಿಕ್ಕಿತು. ಅವರು ಒಪ್ಪಿದ್ರು.

ಇಂಜಿನ್, ಅಂದ್ರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಅದರ ವಿಷಯ ಮುಖ್ಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಂಬಳ ಮಾಡ್ತಾ ಇದ್ದದ್ದು ಯುನಿಟಿಯಲ್ಲಿ. ಅಲ್ಲಿ ಟೆಕ್ಸ್ಟ್‌ಮೆಶ್ ಪ್ರೋ ಅಂತ ಅಕ್ಷರ ತೋರಿಸುವ ಭಾಗದಲ್ಲಿ ಚೆನ್ನೆಮಣೆ ಅಂತ ಬರೆದ್ರೆ ನ್ನೆಯ ಒತ್ತು ಕೆಳಗೆ ಬೀಳ್ಲೇ ಇಲ್ಲ, ಎರಡು ನಕಾರ ಬಿಡಿಬಿಡಿಯಾಗಿ ಪಕ್ಕಪಕ್ಕ ನಿಂತವು. ಕನ್ನಡದ ಒತ್ತಕ್ಷರ ಕೂಡಿಸುವ ಶೇಪಿಂಗ್ ಅದರಲ್ಲಿ ಇರ್ಲಿಲ್ಲ. ಇನ್ನೊಂದು ಇಂಜಿನ್ ಗೋಡೋ 4 ಆ ವರ್ಷ ಮಾರ್ಚಲ್ಲಿ ಬಂದಿತ್ತು, ಅದರಲ್ಲಿ ಶೇಪಿಂಗ್ ಒಳಗೇ ಉಂಟು, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದ ಕೂಡಲೇ ಅಕ್ಷರ ಸರಿ ಬಂತು. ಫ್ರೀ, ಓಪನ್ ಸೋರ್ಸ್, 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಲ್ಲಿ ಬೇಗ ತೆರೀತದೆ. ಕನ್ನಡ ಅಥವಾ ತುಳು ಅಕ್ಷರ ಪರದೆ ಮೇಲೆ ಬೇಕು ಅಂತ ಇದ್ರೆ ಮೊದಲ ದಿನವೇ ಒತ್ತಕ್ಷರದ ಒಂದು ಸಾಲು ಬರೆದು ನೋಡಿ, ಆಮೇಲೆ ಇಂಜಿನ್ ಆರಿಸಿ.

ಸಣ್ಣ ಆಟ ಅಂದ್ರೆ ತೊಂದರೆ ಇಲ್ಲ ಅಂತ ಅಲ್ಲ. ಪ್ರತಿ ಸರದಿ ಆದ ಮೇಲೆ ಮಣೆಯಲ್ಲಿರುವುದು, ಇಬ್ಬರು ಗೆದ್ದದ್ದು ಎಲ್ಲ ಕೂಡಿಸಿದ್ರೆ 56 ಬರ್ಲೇಬೇಕು ಅಂತ ಒಂದು ಚೆಕ್ ಹಾಕಿದ್ದೆವು. ಒಂದು ದಿನ ಕಂಪ್ಯೂಟರ್ ಆಡಿದ ಮೇಲೆ 49 ಬಂತು. ಎರಡು ರಾತ್ರಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಇದು, ಗೋಡೋದ ಭಾಷೆ ಜಿಡಿಸ್ಕ್ರಿಪ್ಟಲ್ಲಿ ಒಂದು ಫಂಕ್ಷನ್ನಿಗೆ ಅರೇ (ಸಂಖ್ಯೆಗಳ ಪಟ್ಟಿ, ನಮ್ಮಲ್ಲಿ ಮಣೆಯ ಗುಳಿಗಳು) ಕೊಟ್ರೆ ಅದರ ಕಾಪಿ ಹೋಗುದಿಲ್ಲ, ಅಸಲು ಅರೇಯೇ ಹೋಗ್ತದೆ. ಕಂಪ್ಯೂಟರ್ ಮನಸ್ಸಲ್ಲೇ ಲೆಕ್ಕ ಹಾಕ್ತಾ ಇದ್ದೇನೆ ಅಂತ ನಿಜವಾದ ಮಣೆಯ ಬೀಜವನ್ನೇ ಎತ್ತಿ ಹಾಕ್ತಾ ಇತ್ತು, ಸ್ಕೋರ್ ಮಾತ್ರ ಸಾದಾ ಸಂಖ್ಯೆ, ಹಾಗಾಗಿ ಅದು ಕಾಪಿಯಾಗಿ ಹೋಗಿ ಅಲ್ಲೇ ಕಳೆದು ಹೋಗ್ತಾ ಇತ್ತು. ಡೂಪ್ಲಿಕೇಟ್ ಅಂತ ಒಂದು ಪದ ಸೇರಿಸಿದ್ದು, ಅಷ್ಟೇ. ಆ 56ರ ಚೆಕ್ ಇಲ್ಲದಿದ್ರೆ ವೈವಾದ ದಿನವೇ ಗೊತ್ತಾಗ್ತಿತ್ತು.

ಮೊದಲ ಬಿಲ್ಡ್ ಅಜ್ಜಿಗೆ ಕೊಟ್ಟೆ. ಗುಳಿ ಮುಟ್ಟಿದ್ರು, ಬೀಜ ಸರ್ರನೆ ಹೋಯ್ತು, ಅವರು ಫೋನ್ ಹತ್ತಿರ ತಂದು ನೋಡಿ ಬೀಜ ಬಿದ್ದದ್ದು ಎಲ್ಲಿ ಅಂತ ಕೇಳಿದ್ರು. ಅವರು ಆಡೋದು ಬೀಳುವ ಬೀಜ ನೋಡಿ ಲೆಕ್ಕ ಇಟ್ಟು. ಬೀಜಕ್ಕೆ 0.1 ಸೆಕೆಂಡ್ ಇದ್ದದ್ದನ್ನು 0.35 ಮಾಡಿ, ಪ್ರತಿ ಬೀಜಕ್ಕೂ ನಮ್ಮ ಮಣೆಯಲ್ಲೇ ರೆಕಾರ್ಡ್ ಮಾಡಿದ ಟಕ್ ಸದ್ದು ಹಾಕಿದೆ. ಆಮೇಲೆ ಕೇಳ್ಲಿಲ್ಲ, ಆಡಿದ್ರು.

ಆನ್‌ಲೈನ್ ಮೋಡ್ ಕೊನೆವರೆಗೂ ಹಾಕ್ಲಿಲ್ಲ, ಬೇಕು ಅಂತಲೂ ಅನ್ನಿಸ್ಲಿಲ್ಲ. ಫೋನ್ ನಡುವಲ್ಲಿ ಇಟ್ಟು ಇಬ್ಬರು ಎದುರುಬದುರು ಕೂತು ಆಡೋದು, ಆಚೆ ಕೂತವರಿಗೆ ಓದ್ಲಿಕ್ಕೆ ಆಗುವ ಹಾಗೆ ಅವರ ಬದಿಯ ಸ್ಕೋರನ್ನು ತಿರುಗಿಸಿ ಹಾಕಿದ್ದೇವೆ.