ಹಳೇ ಲುಕ್ಕಿನ ಬೈಕು: ನಾನು ಬದಲಿಸಿದ್ದು, ಮುಟ್ಟದೆ ಬಿಟ್ಟಿದ್ದು

ಹಳೇ ಬೈಕಿನ ಅಂದ ಬೇಕಿತ್ತು, ಅದರ ತಲೆನೋವು ಬೇಡವಾಗಿತ್ತು. ಅದಕ್ಕೇ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಂಡೆ, 2021ರಲ್ಲಿ ಬಂದ ಹೊಸ ಎಂಜಿನ್ನಿನದು. ಹೊರಗೆ ದುಂಡು ಹೆಡ್‌ಲೈಟು, ಕಡ್ಡಿ ಚಕ್ರ, ಕ್ರೋಮು. ಒಳಗೆ ಫ್ಯುಯೆಲ್ ಇಂಜೆಕ್ಷನ್, ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್. 349 ಸಿಸಿಗೆ 20 ಬಿಎಚ್‌ಪಿ ಅಂದ್ರೆ ಹಾರಿಕೊಂಡು ಹೋಗುವ ಗಾಡಿಯಲ್ಲ. ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 85.8 ಮಿ.ಮೀ. ಇರುವ ಉದ್ದ ಸ್ಟ್ರೋಕಿನ ಎಂಜಿನ್ನು. ಕಡಿಮೆ ಆರ್‌ಪಿಎಂನಲ್ಲೇ ಆರಾಮಾಗಿ ಎಳೆಯುತ್ತದೆ. ನನಗೆ ಬೇಕಿದ್ದದ್ದೂ ಅದೇ.

ಮಾಡಿಫೈ ಮಾಡುವಾಗ ಒಂದೇ ಷರತ್ತು ಹಾಕಿಕೊಂಡೆ: ಏನು ಹಾಕಿದರೂ ನಾಳೆ ಬಿಚ್ಚಿ ಕಂಪನಿ ಪಾರ್ಟು ವಾಪಸ್ ಕೂರಿಸಲು ಆಗಬೇಕು. ಫ್ರೇಮ್ ಕತ್ತರಿಸುವುದು, ವೆಲ್ಡ್ ಮಾಡುವುದು, ವೈರು ಕಟ್ ಮಾಡುವುದು ಬೇಡವೇ ಬೇಡ. ಬಿಚ್ಚಿದ್ದೆಲ್ಲ ಒಂದು ರಟ್ಟಿನ ಡಬ್ಬದಲ್ಲಿದೆ, ಬೋಲ್ಟುಗಳ ಸಮೇತ.

ಮೊದಲು ಕೈ ಹಾಕಿದ್ದು ಹ್ಯಾಂಡಲ್ ಬಾರಿಗೆ. ಜಾಸ್ತಿ ಜನ ಸೈಲೆನ್ಸರಿನಿಂದ ಶುರು ಮಾಡುತ್ತಾರೆ. ಆದರೆ ಬೈಕ್ ಮೇಲೆ ಕೂತವನ ಬೆನ್ನಿಗೆ, ಮಣಿಕಟ್ಟಿಗೆ ವ್ಯತ್ಯಾಸ ಗೊತ್ತಾಗುವುದು ಹ್ಯಾಂಡಲಿನಲ್ಲಿ. ಸ್ವಲ್ಪ ಹಿಂದಕ್ಕೆ ಬಾಗಿದ ಬಾರ್ ಆರಿಸಿದೆ. ಬಾರಿನ ದಪ್ಪ ಅದನ್ನು ಹಿಡಿದಿಡುವ ಕ್ಲಾಂಪಿಗೆ ಸರಿಹೊಂದಬೇಕು, ಇದು ಮೊದಲ ಲೆಕ್ಕ. ಎರಡನೆಯದು, ಸ್ವಿಚ್ಚಿನ ಗೂಡಿನೊಳಗೆ ಒಂದು ಪುಟ್ಟ ಮೊಳೆಯಂಥ ಪಿನ್ ಇರುತ್ತದೆ. ಸ್ವಿಚ್ಚು ತಿರುಗದಂತೆ ಹಿಡಿಯುವುದು ಅದೇ. ಹೊಸ ಬಾರಿನಲ್ಲಿ ಅದಕ್ಕೆ ತೂತು ಇಲ್ಲದಿದ್ದರೆ ಪಿನ್ ಕತ್ತರಿಸಿ ಹಾಕುವವರಿದ್ದಾರೆ. ನಾನು ಬಾರಿಗೇ ಅಳತೆ ಮಾಡಿ ತೂತು ಹಾಕಿದೆ. ಸ್ವಿಚ್ಚು ಹಾಳಾಗಲಿಲ್ಲ, ಷರತ್ತೂ ಮುರಿಯಲಿಲ್ಲ.

ಎಲ್ಲ ಬಿಗಿ ಮಾಡಿದ ಮೇಲೆ ಮಾಡುವ ಪರೀಕ್ಷೆಯೇ ಮುಖ್ಯ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಐಡ್ಲಿಂಗ್ ಸದ್ದು, ಅಂದ್ರೆ ಆಕ್ಸಿಲರೇಟರ್ ಮುಟ್ಟದಿದ್ದಾಗ ಬರುವ ಸದ್ದು, ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಯೂ ಟರ್ನ್ ಹೊಡೆಯುವಾಗ ಗಾಡಿ ತಾನೇ ಮುನ್ನುಗ್ಗುತ್ತದೆ. ನನ್ನ ಗಾಡಿಯಲ್ಲಿ ಕೇಬಲ್ ಹಾದುಹೋಗುವ ದಾರಿ ಸ್ವಲ್ಪ ಬದಲಿಸಿದೆ, ಸರಿಹೋಯಿತು. ಬ್ರೇಕ್ ಹೋಸ್, ಕ್ಲಚ್ ಕೇಬಲ್ ಎಲ್ಲೂ ಬಿಗಿಯಾಗಿಲ್ಲ, ಮಡಿಚಿಕೊಂಡಿಲ್ಲ ಅಂತಲೂ ನೋಡಬೇಕು.

ಸೈಲೆನ್ಸರ್ ಮುಟ್ಟಲಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಗಾಳಿ-ಪೆಟ್ರೋಲಿನ ಲೆಕ್ಕ ಕಂಪ್ಯೂಟರಿನದು. ತೆರೆದ ಸೈಲೆನ್ಸರ್ ಹಾಕಿದರೆ ಆ ಲೆಕ್ಕ ತಪ್ಪಬಹುದು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಹೋಗಬಹುದು. ಸಿಗುವುದು ಸದ್ದು ಮಾತ್ರ, ಅದೂ ಪಕ್ಕದ ಮನೆಯವರಿಗೆ! ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬನ್ನೂ ಹಾಕಲಿಲ್ಲ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಬೆಳಕು ಚೆದುರಿ ಎದುರಿನವರ ಕಣ್ಣು ಕುಕ್ಕುತ್ತದೆ.

ಇನ್ನು ಮೇಂಟೆನೆನ್ಸ್. ರೆಟ್ರೋ ಲುಕ್ಕಿಗೆ ಬೆಲೆ ತೆರುವುದು ಇಲ್ಲೇ. ಕಡ್ಡಿ ಚಕ್ರ ಚೆಂದ, ಆದರೆ ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ. ಟ್ಯೂಬಾದರೆ ಒಮ್ಮೆಲೇ ಕೂತುಬಿಡಬಹುದು. ದೂರ ಹೋಗುವಾಗ ಸ್ಪೇರ್ ಟ್ಯೂಬ್ ಚೀಲದಲ್ಲಿರುತ್ತದೆ. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿದಾಗಲೆಲ್ಲ ಚಕ್ರ ತಿರುಗಿಸುತ್ತಾ ಸ್ಪ್ಯಾನರಿನಿಂದ ಒಂದೊಂದು ಕಡ್ಡಿಯನ್ನೂ ಮೆಲ್ಲಗೆ ತಟ್ಟುತ್ತೇನೆ. ಬಿಗಿ ಕಡ್ಡಿ 'ಟಿಣ್' ಅನ್ನುತ್ತದೆ, ಸಡಿಲ ಕಡ್ಡಿ 'ಟಕ್' ಅಂತ ಸತ್ತ ಸದ್ದು ಕೊಡುತ್ತದೆ. ಅಂಥದ್ದು ಸಿಕ್ಕರೆ ನಾನೇ ತಿರುಪುವುದಿಲ್ಲ. ಒಂದನ್ನು ಎಳೆದರೆ ರಿಮ್ಮು ಓರೆಯಾಗಬಹುದು. ಅದು ಚಕ್ರ ಕಟ್ಟಿ ಪಳಗಿದವರ ಕೆಲಸ.

ಚೈನನ್ನು ಸೀಮೆಎಣ್ಣೆ, ಮೆತ್ತನೆ ಬ್ರಷ್ಷಿನಿಂದ ತೊಳೆದು ಒರೆಸಿ, ಒಳಮಗ್ಗುಲಿಗೆ ಲ್ಯೂಬ್ ಬಿಡುತ್ತೇನೆ. ಚಕ್ರ ತಿರುಗುವಾಗ ಅದು ತಾನಾಗೇ ಹೊರಕ್ಕೆ ಹರಡಿಕೊಳ್ಳುತ್ತದೆ. ಪೆಟ್ರೋಲ್ ಹಾಕಬಾರದು, ಕೊಂಡಿಗಳ ನಡುವಿನ ರಬ್ಬರ್ ರಿಂಗ್ ಹಾಳಾಗುತ್ತದೆ. ಚೈನಿನ ಸಡಿಲ ನೋಡುವಾಗ ಒಂದೇ ಜಾಗದಲ್ಲಿ ನೋಡಿದರೆ ಸಾಲದು. ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲಿಗೆ ಅಡ್ಜಸ್ಟ್ ಮಾಡಬೇಕು.

ಆಯಿಲ್ ವಿಷಯದಲ್ಲಿ ಡಬ್ಬದ ಮೇಲೆ ಜಾಸೋ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್‌ನ ಗುರುತು) ಅಂತ ಇದೆಯಾ ಅಂತ ನೋಡಿಯೇ ತರುತ್ತೇನೆ. ಎಂಜಿನ್ನಿನ ಆಯಿಲ್‌ನಲ್ಲೇ ಕ್ಲಚ್ ಪ್ಲೇಟುಗಳೂ ಮುಳುಗಿರುತ್ತವೆ ಅಲ್ವಾ, ಕಾರಿನ ನುಣುಪು ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಮಳೆಯಲ್ಲಿ ನೆನೆದ ದಿನ ಕ್ರೋಮನ್ನು ಒಣ ಬಟ್ಟೆಯಲ್ಲಿ ಒರೆಸದೆ ಮಲಗುವುದಿಲ್ಲ. ಅದರಲ್ಲೂ ಕಡ್ಡಿ ರಿಮ್ಮಿಗೆ ಸೇರುವ ಸಂದು, ತುಕ್ಕು ಶುರುವಾಗುವುದು ಅಲ್ಲಿಂದಲೇ. ಮುಂದಿನ ಸರದಿ ಸೀಟಿನದು. ಕವರ್ ಬದಲಿಸುವ ಆಸೆಯಿಲ್ಲ, ಒಳಗಿನ ಫೋಮ್ ಮಾತ್ರ ಸ್ವಲ್ಪ ಗಟ್ಟಿಯದು ಹಾಕಿಸಬೇಕು.